ಹಸಿರು ಗದ್ದೆಯಲ್ಲಿ ಕೆಂಪು ಸೀರೆ

ಗಂಗಾವತಿಯ ಹಳೆ ಓಣಿಯೊಂದರಲ್ಲಿ ಮುಬಾಶಿರಾಳ ಸ್ಟುಡಿಯೋ ಇದೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಹಿಂದಿನದು ಅಡುಗೆ ಮನೆ. ಗಂಡಸರ ಎದುರು ಫೋಟೋಕ್ಕೆ ಕೂಡಲು ನಾಚುವ ಹೆಣ್ಣುಮಕ್ಕಳು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಬಂದವರನ್ನು ಅವಳು ಕೂಡಲೇ ಕ್ಯಾಮೆರಾದ ಮುಂದೆ ಕೂಡಿಸುವುದಿಲ್ಲ. ಚಹಾ ಕೊಟ್ಟು, ಊರುಕೇರಿ ಕೇಳಿ, ಅವರು ಉಟ್ಟ ಸೀರೆಯ ಬಣ್ಣ ನೋಡಿ, ಹಿಂದೆ ಯಾವ ಪರದೆ ಬಿಡಬೇಕೆಂದು ಯೋಚಿಸುತ್ತಾಳೆ.

ಬಣ್ಣದ ಪಾಠ ಹೇಳಿದ್ದು ಅವಳಪ್ಪ ಉಮರಸಾಬ. ಆತ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಏಣಿಯ ಕೆಳಗೆ ಡಬ್ಬಿ ಹಿಡಿದು ನಿಂತ ಮಗಳಿಗೆ, "ನೋಡು ಬೇಟಿ, ಹಸರಿನ ಮ್ಯಾಲ ಕೆಂಪು ಕೂತ್ರ ದಾರ್ಯಾಗ ಹೋಗೋರ ಕಾಲು ತಾನ ನಿಲ್ತಾವು" ಎನ್ನುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಉಮರಸಾಬನ ಕುಂಚ ಒಣಗಿತು, ಕೆಲವು ವರ್ಷಗಳಲ್ಲಿ ಆತನೂ ತೀರಿಕೊಂಡ. ಮಗಳು ಮಾತ್ರ ಕಲಿತದ್ದನ್ನು ಬಿಡಲಿಲ್ಲ.

ಆ ವರ್ಷ ಕೊಪ್ಪಳದಲ್ಲಿ ಹೆಣ್ಣುಮಕ್ಕಳ ದುಡಿಮೆಯ ಮೇಲೆ ಫೋಟೋ ಪ್ರದರ್ಶನವೊಂದು ಇತ್ತು. ಮುಬಾಶಿರಾಳನ್ನೂ ಕರೆದಿದ್ದರು. ಭತ್ತದ ನಾಟಿಯ ದಿನಗಳು. ಅವಳು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹತ್ತಿರದ ಮರಳಿ ಎಂಬ ಹಳ್ಳಿಗೆ ಹೋದಳು. ಚೀಲದಲ್ಲಿ ತನ್ನ ತಾಯಿಯ ಕೆಂಪು ಸೀರೆಯೊಂದನ್ನು ಮಡಚಿ ಇಟ್ಟುಕೊಂಡಿದ್ದಳು.

ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಬಗ್ಗಿ ಸಸಿ ಹಚ್ಚುತ್ತಿದ್ದರು. ಅವರಲ್ಲಿ ಮಾರೆವ್ವ ಒಬ್ಬಳು. ವಯಸ್ಸು ನಲವತ್ತೈದರ ಆಸುಪಾಸು, ಗಂಡ ಸತ್ತು ಆರು ವರ್ಷ. ಒಬ್ಬಳೇ ಮಗಳು ಅಂಜಲಿಯನ್ನು ಕುಷ್ಟಗಿಗೆ ಕೊಟ್ಟು, ತಾನು ಮೈದುನ ಓಬಳೆಪ್ಪನ ಮನೆಯಲ್ಲಿ ಇದ್ದಳು. ಗಂಡ ಹೋದ ಮೇಲೆ ಅವಳು ಉಟ್ಟದ್ದೆಲ್ಲ ನಶ್ಯದ ಬಣ್ಣದ, ಬೂದಿ ಬಣ್ಣದ ಸೀರೆಗಳೇ. ಆದರೆ ಎಂಥ ಮುಖ ಅದು! ಬಿಸಿಲು ತಿದ್ದಿ ತೀಡಿದ ಮುಖ. ಮುಬಾಶಿರಾಳ ಕಣ್ಣು ಬೇರೆ ಕಡೆ ಹೊರಳಲಿಲ್ಲ.

"ಅಕ್ಕಾ, ಈ ಸೀರಿ ಉಟ್ಕೊಂಡು ಒಂದ ಫೋಟೋಕ್ಕ ನಿಲ್ತೀಯೇನು?"

ಮಾರೆವ್ವ ಕೆಸರುಗೈ ಹಿಂದೆ ಕಟ್ಟಿಕೊಂಡಳು. "ಬ್ಯಾಡವಾ, ನಾ ಕೆಂಪು ಉಡಂಗಿಲ್ಲ."

"ಒಂದ ಗಳಿಗಿ ಅಕ್ಕಾ. ಆಮ್ಯಾಲ ಬಿಚ್ಚಿ ಕೊಡು."

ಜೊತೆಯ ಹೆಂಗಸರು ಹುರಿದುಂಬಿಸಿದರು. ಮಾರೆವ್ವ ಸೀರೆಯ ಸೆರಗನ್ನು ಹಿಂಗೈಯಿಂದ ಮುಟ್ಟಿ ನೋಡಿದಳು. ಪಂಪ್‌ಸೆಟ್ಟಿನ ಕೋಣೆಗೆ ಹೋಗಿ ಉಟ್ಟುಕೊಂಡು ಬಂದಾಗ ಮುಖ ಕೆಳಗೆ ಹಾಕಿದ್ದಳು. ಸಸಿಯ ಕಟ್ಟು ಹಿಡಿದು ಬದುವಿನ ಮೇಲೆ ನಿಂತವಳನ್ನು ಮುಬಾಶಿರಾ ಮಾತಿಗೆ ಎಳೆದಳು. ಮಗಳ ಸುದ್ದಿ ಬಂದದ್ದೇ ತಡ, ಮಾರೆವ್ವ ತಲೆ ಎತ್ತಿದಳು. "ಇದ ಗದ್ದ್ಯಾಗ ಬಿದ್ದಿದ್ಲವಾ ಅಂಜಲಿ, ಸಣ್ಣಾಕಿ ಇದ್ದಾಗ. ಕಾಲ್ಗೆಜ್ಜಿ ಕೆಸರಿನ್ಯಾಗ ಹೋತು. ಭೂಮಿತಾಯಿ ನನ್ನ ಗೆಜ್ಜಿ ಕದ್ದಾಳ ಅಂತ ಊರೆಲ್ಲಾ ಸಾರಿಕೋತ ಬಂದ್ಲು!" ಹೇಳುತ್ತ ಹೇಳುತ್ತ ಬಾಯ್ತುಂಬ ನಕ್ಕಳು. ಆ ಕ್ಷಣಕ್ಕೆ ಮುಬಾಶಿರಾ ಗುಂಡಿ ಒತ್ತಿದಳು.

ಪ್ರದರ್ಶನದಲ್ಲಿ ಆ ಫೋಟೋದ ಎದುರು ಜನ ನಿಂತೇ ನಿಂತರು. ಕಣ್ಣಿಗೆ ತಂಪೆನಿಸುವ ಹಸಿರು, ನಡುವೆ ಉರಿಯುವ ಕೆಂಪು, ಅದರ ಮೇಲೆ ಆ ನಗು. ಪ್ರತಿ ಚಿತ್ರಕ್ಕೂ ಕೆಳಗೊಂದು ಸಾಲು ಬೇಕೆಂದು ಹೇಳಿದ್ದರು. ಗೆಜ್ಜೆಯ ಮಾತನ್ನು ಬರೆದರೆ ಉದ್ದವಾದೀತು ಅನಿಸಿತು ಅವಳಿಗೆ. ಅದಕ್ಕಿಂತ ಚೆಂದದ್ದೊಂದು ಹೊಳೆಯಿತು. 'ಹಸಿರಿನ ಮದುಮಗಳು' ಎಂದು ಬರೆದಳು.

ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡರು. ಎರಡು ದಿನಕ್ಕೆ ಫೋಟೋ ಮರಳಿಯ ಫೋನುಗಳಿಗೆ ಬಂತು, ಆ ಎರಡು ಪದಗಳ ಸಮೇತ. ಚಾವಡಿಯಲ್ಲಿ ಕೂತವರು ಓಬಳೆಪ್ಪನನ್ನು, "ಏನಪಾ, ನಿಮ್ಮತ್ತಿಗಿಗೆ ಲಗ್ನ ಅಂತಲ್ಲ?" ಎಂದು ನಕ್ಕರು. ಆತ ಮನೆಗೆ ಬಂದವನೇ ಕೂಗಾಡಿದ. ಓಣಿಯ ಮಂದಿಯೆಲ್ಲ ಕೇಳಿಸಿಕೊಂಡರು. ಅಂದಿನಿಂದ ಮಾರೆವ್ವನ ಹಾಸಿಗೆ ಹಿತ್ತಿಲ ಕೊಟ್ಟಿಗೆಗೆ ಬಿತ್ತು. ಒಲೆಯೂ ಬೇರೆಯಾಯಿತು.

ಸುದ್ದಿ ಕೇಳಿ ಮುಬಾಶಿರಾ ಓಡಿದಳು. ಕೊಟ್ಟಿಗೆಯ ಬಾಗಿಲಲ್ಲಿ ಮಾರೆವ್ವ ಅಕ್ಕಿ ಹಸನು ಮಾಡುತ್ತಿದ್ದಳು.

"ತಪ್ಪಾತು ಅಕ್ಕಾ. ಪ್ರದರ್ಶನದಾಗಿನ ಫೋಟೋ ತೆಗಸಿ ಹಾಕ್ತೀನಿ."

"ತೆಗಸಿ ಏನ್ ಮಾಡ್ತಿ? ಎಲ್ಲಾರ ಫೋನಿನ್ಯಾಗ ಕುಂತೀನಿ." ಮಾರೆವ್ವ ಮೊರ ಕೆಳಗಿಟ್ಟಳು. "ಫೋಟೋ ಭಾಳ ಛಲೋ ಬಂದೈತವಾ. ನಾ ಇಷ್ಟು ಚೆಂದ ಅದೀನಿ ಅಂತ ನನಗ ಗೊತ್ತಿದ್ದಿಲ್ಲ. ಆದ್ರ ಆ ಮಾತು ಬರೀಬಾರದಿತ್ತು ನೀನು. ನಾ ಎಲ್ಲಿ ಹಂಗ ಅಂದಿದ್ದೆ?"

ಮುಬಾಶಿರಾ ಎದ್ದು ಗಂಗಾವತಿಯ ಬಸ್ಸು ಹಿಡಿದಳು. ಆಮೇಲೆ ಒಂದೆರಡು ಸಲ ಮರಳಿಗೆ ಹೋಗಬೇಕೆಂದುಕೊಂಡಳು. ಯಾವ ಮುಖ ಹೊತ್ತು ಹೋಗಲಿ ಎಂದು ಮುಂದೆ ಹಾಕಿದಳು. ಮರುವರ್ಷ ಚಳಿಗಾಲದಲ್ಲಿ ಮಾರೆವ್ವನಿಗೆ ಜ್ವರ ಬಂತು. ಹತ್ತು ದಿನ ಮಲಗಿದಳು, ಏಳಲಿಲ್ಲ.

ಮಣ್ಣಾದ ಐದನೆಯ ದಿನ ಓಬಳೆಪ್ಪ ಸ್ಟುಡಿಯೋಕ್ಕೆ ಬಂದ. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ.

"ಅತ್ತಿಗಿ ದಿನದ ಕಾರ್ಯಕ್ಕ ಫೋಟೋ ಇಡಬೇಕು. ನಮ್ಮ ಮನ್ಯಾಗ ಆಕಿದು ಒಂದೂ ಇಲ್ಲ. ನೀ ತಗದಿದ್ದ ಐತಲ್ಲ, ಅದನ್ನ ಕೊಡು. ಸೀರಿ ಬಿಳೀದು ಮಾಡು."

ಅವನು ಹೋದ ಮೇಲೆ ಮುಬಾಶಿರಾ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಬಣ್ಣವನ್ನೆಲ್ಲ ತೆಗೆದು ನೋಡಿದಳು. ಕೆಂಪು ಹಸಿರು ಎರಡೂ ಒಂದೇ ಬೂದಿಯಾದವು. ಸೀರೆ ಯಾವುದು, ಸಸಿ ಯಾವುದು ತಿಳಿಯದಂತಾಗಿ ಮಾರೆವ್ವ ಗದ್ದೆಯಲ್ಲಿ ಕರಗಿಹೋದಳು. ಮತ್ತೆ ಬಣ್ಣ ತಂದು ಸೀರೆಯನ್ನಷ್ಟೇ ಬಿಳಿ ಮಾಡಿದಳು. ಬಿಳಿ ಸೀರೆಯ ಮೇಲೆ ಆ ನಗು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ನಗುವಿನಂತೆ ಕಂಡಿತು. ಮಾರೆವ್ವನ ಮೇಲೆ ಎರಡನೆಯ ಸಲವೂ ತಾನೇ ಕಥೆ ಕಟ್ಟುತ್ತಿದ್ದೇನಲ್ಲ ಎಂದುಕೊಂಡು ಆ ಬಿಳಿಯನ್ನೂ ಅಳಿಸಿದಳು. ನಾಟಿಯ ಹೆಂಗಸೊಬ್ಬಳಿಂದ ನಂಬರು ಪಡೆದು ಅಂಜಲಿಗೆ ಫೋನು ಮಾಡಿದಳು.

ತಾಯಿಯ ಮಣ್ಣಿಗೆಂದು ಬಂದು ಮರಳಿಯಲ್ಲೇ ಉಳಿದಿದ್ದ ಅಂಜಲಿ ಮರುದಿನ ಸ್ಟುಡಿಯೋಕ್ಕೆ ಬಂದಳು. ಪರದೆಯ ಮೇಲಿದ್ದ ತಾಯಿಯನ್ನು ಬಹಳ ಹೊತ್ತು ನೋಡಿದಳು.

"ಈ ಫೋಟೋ ಎಲ್ಲಾ ಕಡಿ ಹೋದಾಗ ಅವ್ವ ದಿನಾ ಫೋನ್ ಮಾಡ್ತಿದ್ಲು ಅಕ್ಕಾ. ನಮ್ಮತ್ತಿ ಮನ್ಯಾಗ ಎಲ್ಲಾರೂ ಆಡ್ಕೋತಿದ್ರು. ನಾ ಫೋನ್ ಎತ್ತಲಿಲ್ಲ. ಒಂದು ತಿಂಗಳು ಎತ್ತಲಿಲ್ಲ."

ಮುಬಾಶಿರಾ ಗೆಜ್ಜೆಯ ಮಾತು ಹೇಳಿದಳು, ಮಾರೆವ್ವ ಹೇಳಿದಂತೆಯೇ, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ. ಅಂಜಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಅಳು ನಿಂತ ಮೇಲೆ ಮುಬಾಶಿರಾ ಚಹಾ ತಂದುಕೊಟ್ಟಳು.

"ಏನ್ ಮಾಡ್ಲಿ ಹೇಳು. ಹೆಂಗಂತಿ ಹಂಗ," ಎಂದಳು ಮುಬಾಶಿರಾ ಕೊನೆಗೆ.

"ಕಾಕಾಗ ಮಾರಿ ಅಷ್ಟ ಕೊಡ್ರಿ, ಸೀರಿ ಕಾಣದಂಗ. ನನಗ ಇದು ಪೂರ್ತಿ ಬೇಕು. ಕೆಂಪು ಕೆಂಪೇ ಇರ್ಲಿ."

"ಕೆಳಗ ಏನರ ಬರೀಲಿ?"

"ಏನೂ ಬ್ಯಾಡ."

ಅಂಜಲಿ ಕೇಳಿದ ಪೂರ್ತಿ ಫೋಟೋವನ್ನು ಮುಬಾಶಿರಾ ತಾನೇ ಕಟ್ಟು ಹಾಕಿ, ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಅತ್ತೆಯ ಮನೆಯ ಗೋಡೆಗೆ ಹಾಕುವಂತಿಲ್ಲ, ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಡುತ್ತೇನೆ ಎಂದಳು ಅಂಜಲಿ. ಸಂಜೆ ಓಬಳೆಪ್ಪ ಬಂದು ತನ್ನದನ್ನು ಬೆಳಕಿಗೆ ಹಿಡಿದ.

"ಸೀರಿ ಕಾಣವಲ್ದಲ್ಲ?"

"ಮಾರಿ ಕಾಣ್ತೈತಲ್ರಿ," ಎಂದಳು ಮುಬಾಶಿರಾ.

ಆತ ಮತ್ತೆ ನೋಡಿದ. ಅಣ್ಣನ ಹೆಂಡತಿಯ ಮುಖವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲವೋ ಏನೋ, ಕಣ್ಣು ತೆಗೆಯದೆ ನಿಂತಿದ್ದ. ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು ಹೋದ.

ಮುಬಾಶಿರಾ ಈಗಲೂ ಫೋಟೋ ತೆಗೆಯುತ್ತಾಳೆ. ಪ್ರದರ್ಶನಗಳಿಗೆ ಕರೆದರೆ ಒಲ್ಲೆ ಎನ್ನುತ್ತಾಳೆ. ಕೂತವರಿಗೆ ಮೊದಲು, "ಇದನ್ನ ಯಾರ್ಯಾರು ನೋಡ್ತಾರ?" ಎಂದು ಕೇಳುತ್ತಾಳೆ. ಕೆಲವರು ನಗುತ್ತಾರೆ. ಕೆಲವರು ಮಾತ್ರ ತಾವು ಉಟ್ಟ ಸೀರೆಯನ್ನೊಮ್ಮೆ ನೋಡಿಕೊಂಡು, "ನಾಳಿ ಬರ್ತೀನಿ ಬಿಡವಾ" ಎಂದು ಎದ್ದು ಹೋಗುತ್ತಾರೆ. ಅವಳು ಅವರನ್ನು ತಡೆಯುವುದಿಲ್ಲ.