ಅಡುಗೆಮನೆಯ ಚಿತ್ರದುರ್ಗ

ಚಿಕ್ಕಜಾಜೂರಿನಲ್ಲಿ ಸಹಾಯಕ ಸ್ಟೇಷನ್ ಮಾಸ್ತರನಾಗಿದ್ದ ಚಿತ್ರಲಿಂಗಪ್ಪ ಆಟದ ರೈಲುದಾರಿ ಕಟ್ಟಲು ಶುರುಮಾಡಿದ್ದು ಎಪ್ಪತ್ತಾರನೇ ಇಸವಿಯಲ್ಲಿ. ದಾವಣಗೆರೆಯಿಂದ ಕೀಲಿ ಕೊಡುವ ತಗಡಿನ ಎಂಜಿನ್ ತಂದ. ಹಳಿಗೆ ಸೀಮೆಎಣ್ಣೆ ಡಬ್ಬ ಸೀಳಿದ, ಹಳಿಯ ಕೆಳಗಿನ ಪಟ್ಟಿಗೆ ಬಿದಿರು ಕೊಯ್ದ. ತಿರುವು ತೀರಾ ಬಿಗಿಯಾಗಿ ಎಂಜಿನ್ ಪ್ರತಿ ಸಲ ಮಗುಚಿಕೊಳ್ಳುತ್ತಿತ್ತು. ಮೂರು ಸಲ ಕಿತ್ತು ಮತ್ತೆ ಕಟ್ಟಿದ. ನಾನು ಅಲ್ಲಿಯ ಟಿಕೆಟ್ ಗುಮಾಸ್ತ, ಪಕ್ಕದ ಮನೆಯವನು. ಆ ಸುತ್ತಿಗೆ ಸದ್ದಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು.

ಇದ್ದದ್ದೇ ಒಂದು ಕೋಣೆ, ಒಂದು ಅಡುಗೆಮನೆ. ತಿರುವು ಅಗಲವಾದ ಹಾಗೆಲ್ಲ ಅವನ ಹೆಂಡತಿ ಏಕಾಂತಮ್ಮನ ಜಾಗ ಕಿರಿದಾಯಿತು. ಮೊದಲು ಮಂಚ ಗೋಡೆಗೆ ಒರಗಿತು. ಆಮೇಲೆ ಅವಳ ಟ್ರಂಕು ಒಲೆಯ ಪಕ್ಕಕ್ಕೆ ಹೋಯಿತು, ಹಾಸಿಗೆಯೂ ಹೋಯಿತು. ಹಳಿ ಹೊಸ್ತಿಲು ದಾಟಿ ಅಡುಗೆಮನೆಯಲ್ಲಿ ಮುಗಿಯುತ್ತಿತ್ತು. ಅಲ್ಲೊಂದು ರಟ್ಟಿನ ನಿಲ್ದಾಣ ಮಾಡಿ ಚಿತ್ರದುರ್ಗ ಎಂದು ಬರೆದ.

ಚಿತ್ರದುರ್ಗ ಅವಳ ತವರು. ದಿನಾ ಗಾಡಿ ಇದ್ದರೂ ನಾಲ್ಕು ವರ್ಷದಿಂದ ಅವಳು ಹೋಗಿರಲಿಲ್ಲ. ಕೇಳಿದಾಗಲೆಲ್ಲ ಅವನದು ಒಂದೇ ಮಾತು: "ನೀನು ಹೋದ್ರೆ ನನ್ನ ಊಟಕ್ಕೇನೇ?" ಈ ಮಾತು ಗೋಡೆಯಾಚೆಯಿಂದ ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು.

ಆಟದಲ್ಲೂ ಅವನಿಗೆ ಇಲಾಖೆಯ ಕಾನೂನೇ ಬೇಕು. ಒಂಟಿ ಹಳಿ, ಎದುರಿನ ನಿಲ್ದಾಣದವರು "ಲೈನ್ ಕ್ಲಿಯರ್" ಅನ್ನದೆ ಗಾಡಿ ಬಿಡುವಂತಿಲ್ಲ. ಹಾಗಾಗಿ ರೊಟ್ಟಿ ತಟ್ಟುತ್ತಲೇ ಏಕಾಂತಮ್ಮ ಚಿತ್ರದುರ್ಗದ ಸ್ಟೇಷನ್ ಮಾಸ್ತರಾದಳು. ಅವನು ಕೋಣೆಯಿಂದ ಕೇಳುತ್ತಿದ್ದ, ಅವಳು ಒಲೆ ಮುಂದಿನಿಂದ "ಲೈನ್ ಕ್ಲಿಯರ್ ಐತ್ರಿ" ಅನ್ನುತ್ತಿದ್ದಳು.

ಒಂದು ಸಂಜೆ ಎಂಜಿನ್ ಕೊನೆಗೂ ತಿರುವು ದಾಟುತ್ತದೆಂದು ನನ್ನನ್ನು ಕರೆದ. ಅವತ್ತೇ ಬೆಳಿಗ್ಗೆ ಅವಳ ತಮ್ಮನ ಕಾಗದ ಬಂದಿತ್ತು. ಅವ್ವ ಹಾಸಿಗೆ ಹಿಡಿದಿದ್ದಳು. ಇವನು ಮುಂದಿನ ತಿಂಗಳು ನೋಡೋಣ ಅಂದಿದ್ದನಂತೆ.

ಕೀಲಿ ಕೊಟ್ಟು, ಎಂಜಿನ್ನನ್ನು ಬೆರಳಲ್ಲಿ ತಡೆದು, "ಲೈನ್ ಕ್ಲಿಯರಾ?" ಎಂದ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಮತ್ತೆ ಕೇಳಿದ.

"ಕೊಡಾದಿಲ್ಲ," ಎಂದಳು ಏಕಾಂತಮ್ಮ. "ನಮ್ಮವ್ವನ್ನ ನೋಡಾ ತನಕ ನಿಮ್ಮ ಗಾಡಿ ನನ್ನೂರಿಗೆ ಬರಾದು ಬ್ಯಾಡ."

ಕೈಬಿಟ್ಟಿದ್ದರೆ ಗಾಡಿ ಓಡುತ್ತಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೂ ಆ ಪುಣ್ಯಾತ್ಮ ಬಿಡಲಿಲ್ಲ. ಅವನ ಬೆರಳ ಕೆಳಗೆ ಚಕ್ರ ಗಿರಗಿರ ತಿರುಗಿ ಕೀಲಿ ಇಳಿದು ನಿಂತಿತು. ನನ್ನೆದುರು ಮುಖಭಂಗವಾದದ್ದಕ್ಕೋ ಏನೋ, ಕೊನೆಗೆ ಗೊಣಗಿದ: "ನಾಳೆ ಬೆಳಗ್ಗೆ ಹೋಗು. ಸಂಜೆ ಗಾಡಿಗೆ ಬಂದ್ಬಿಡು."

ಬೆಳಿಗ್ಗೆ ಟಿಕೆಟ್ ಕಿಟಕಿಗೆ ಬಂದವಳಿಗೆ ನಾನು ಕೇಳದೆಯೇ ಹೋಗಿಬರುವ ಟಿಕೆಟ್ ಕೊಟ್ಟೆ. ಅವಳು ಅದನ್ನು ಹಿಂದಕ್ಕೆ ನೂಕಿದಳು.

"ಹೋಗಾದಕ್ಕೆ ಮಾತ್ರ ಕೊಡ್ರಣ್ಣ."

ಅವಳ ಕೈಯಲ್ಲಿ ಟ್ರಂಕು ಇತ್ತು. ನಾನು ಬೇರೆ ಟಿಕೆಟ್ ಕೊಟ್ಟೆ.

ಸಂಜೆ ಗಾಡಿ ಬಂತು. ಎಲ್ಲರೂ ಇಳಿದು ಹೋದ ಮೇಲೂ ಚಿತ್ರಲಿಂಗಪ್ಪ ಒಂದೊಂದೇ ಬೋಗಿಯೊಳಗೆ ಇಣುಕುತ್ತಿದ್ದ. ಅವಳು ಹಿಂದಕ್ಕೆ ನೂಕಿದ ಹೋಗಿಬರುವ ಟಿಕೆಟ್ ಇನ್ನೂ ನನ್ನ ಮೇಜಿನ ಮೇಲೇ ಇತ್ತು.