ತೊಟ್ಟಿಲಿಗೆ ಐದು ಮಂದಿ

ಚಿತ್ತಾಪುರದ ರುಕ್ಮಿಣಿಬಾಯಿ ಮಗಳ ಬಾಣಂತನಕ್ಕೆಂದು ನೆದರ್ಲ್ಯಾಂಡ್ಸಿಗೆ ಹೊರಟಾಗ, ಚೀಲ ತೂಗಿದ ಮಗ ಉದಯಕುಮಾರ ಹೌಹಾರಿದ. ವಿಮಾನದವರು ಬಿಡುವುದು ಇಪ್ಪತ್ತಮೂರು ಕಿಲೋ, ಚೀಲ ತೂಗುತ್ತಿದ್ದುದು ಇಪ್ಪತ್ತಾರು. ಅಂಟಿನ ಉಂಡಿ, ಜೋಳದ ಹಿಟ್ಟು, ಅಜವಾನ, ಒಣ ಕೊಬ್ಬರಿ, ಹಳೆಯ ಸೀರೆಯಲ್ಲಿ ಕೂಸಿನ ತಲೆಗೆಂದು ಹೊಲಿದ ಕುಂಚಿಗೆ ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆದ. ತಳದಲ್ಲಿ ಧೋತರದ ತುಂಡಿನಲ್ಲಿ ಸುತ್ತಿದ ಗುಂಡುಕಲ್ಲು ಸಿಕ್ಕಿತು.

"ಅಮ್ಮಾ, ಕಲ್ಲು ಯಾಕ?"

"ತೊಟ್ಟಲದಾಗ ಮೊದಲ ಗುಂಡಪ್ಪನ್ನ ಹಾಕಬೇಕಲ್ಲೋ."

"ಅಲ್ಲಿ ಕಲ್ಲು ಸಿಗಂಗಿಲ್ಲೇನು?"

"ಸಮುದ್ರಕಿಂತ ತಗ್ಗಿನಾಗಿರೋ ದೇಶ ಅದು. ಬರೇ ಮಣ್ಣು, ನೀರು. ದಂಡೋತಿ ಸಾಲ್ಯಾಗ ಮೂವತ್ತು ವರ್ಷ ಭೂಗೋಳ ಕಲಿಸೀನಿ, ನನಗ ಹೇಳಾಕ ಬರಬ್ಯಾಡ."

ಕೊನೆಗೆ ಮೂರು ಕಿಲೋ ಜೋಳದ ಹಿಟ್ಟು ಚಿತ್ತಾಪುರದಲ್ಲೇ ಉಳಿಯಿತು, ಕಲ್ಲು ವಿಮಾನ ಹತ್ತಿತು.

ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲು ಸೇರುವುದು ಕಲ್ಲು. ಅದಕ್ಕೆ ಕುಂಚಿಗೆ ತೊಡಿಸಿ, ಕಾಡಿಗೆ ತೀಡಿ ಗುಂಡಪ್ಪನನ್ನು ಮಾಡುತ್ತಾರೆ. ಐದು ಮಂದಿ ಮುತ್ತೈದೆಯರು ತೊಟ್ಟಿಲಿನ ಎರಡೂ ಕಡೆ ನಿಂತು, "ಗೋವಿಂದನ್ನ ತಗೋರಿ, ಗೋಪಾಳನ್ನ ಕೊಡ್ರಿ" ಎನ್ನುತ್ತ ಅದನ್ನು ತೊಟ್ಟಿಲಿನ ಕೆಳಗಿನಿಂದ ಕೊಟ್ಟು ಮೇಲಿನಿಂದ ಇಸಿದುಕೊಳ್ಳುತ್ತಾರೆ. ಕಲ್ಲಿನ ಆಯುಷ್ಯ ಕೂಸಿಗೆ ಬರಲಿ ಎಂದು.

ಮಗಳು ಪ್ರಮಿತಾ ಫೋನಿನಲ್ಲಿ ಒಂದೇ ಒಂದು ಮಾತು ಕೇಳಿದ್ದಳು. "ನೀ ಬರ್ತಿ ಖರೆ, ತೊಟ್ಟಲ ಹೆಂಗ ಮಾಡೋಣಮ್ಮ? ಇಲ್ಲಿ ನಮ್ಮವರು ಯಾರದಾರ?" ರುಕ್ಮಿಣಿಬಾಯಿ ತಡ ಮಾಡದೆ ಮಾತು ಕೊಟ್ಟಿದ್ದರು. "ಚಿತ್ತಾಪುರದಾಗ ಹೆಂಗ ಆಗತಿತ್ತೋ ಹಂಗೇ ಆಗ್ತದ. ಐದು ಮಂದಿನ್ನ ನಾ ಕೂಡಸ್ತೀನಿ."

ಆ ಐವರಲ್ಲಿ ತಮ್ಮನ್ನು ಅವರು ಎಣಿಸಿಕೊಂಡಿರಲಿಲ್ಲ. ಪೋಸ್ಟ್ ಮಾಸ್ಟರ್ ಆಗಿದ್ದ ಗಂಡ ವಿಠ್ಠಲರಾವ್ ತೀರಿಕೊಂಡು ಆರು ವರ್ಷವಾಗಿತ್ತು. ಉದಯಕುಮಾರನ ಮಗನ ತೊಟ್ಟಿಲಿನ ದಿನ ರುಕ್ಮಿಣಿಬಾಯಿ ಅಡಿಗೆಮನೆಯಲ್ಲಿ ಕೂತು ಗುಗ್ಗರಿ ಕುದಿಸಿದ್ದರು. ಒಳಗೆ ಹೋಗು ಎಂದು ಯಾರೂ ಹೇಳಿರಲಿಲ್ಲ, ಹೊರಗೆ ಬಾ ಎಂದೂ ಯಾರೂ ಕರೆದಿರಲಿಲ್ಲ. ಹಜಾರದ ನಗೆ ಕೇಳಿಸುತ್ತಿತ್ತು, ಕಡಲೆ ಬೇಯುತ್ತಿತ್ತು.

ಪ್ರಮಿತಾ ಇದ್ದುದು ವಾಗೆನಿಂಗನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ತೊಗರಿಯ ನೆಟೆ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಗಂಡ ರಘುವೀರ ವಾಡಿಯವನು, ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಸುವ ಕಂಪನಿಯಲ್ಲಿ ಕೆಲಸಕ್ಕಿದ್ದ. "ನಮ್ಮ ತೊಗರಿ ರೋಗಕ್ಕ ಔಷಧ ಹುಡಕಾಕ ಇಷ್ಟು ದೂರ ಬರಬೇಕಿತ್ತೇನ?" ಎಂದು ರುಕ್ಮಿಣಿಬಾಯಿ ಮೊದಲ ದಿನವೇ ಕೇಳಿ ಮಗಳನ್ನು ನಗಿಸಿದರು. ಮನೆಯ ಮೆಟ್ಟಿಲು ನಿಚ್ಚಣಿಕೆಯಷ್ಟು ಕಡಿದಾಗಿತ್ತು. ಇಳಿಯುವಾಗ ಅವರು ಮೆಟ್ಟಿಲಿಗೆ ಮುಖ ಮಾಡಿ, ಬಾವಿಗೆ ಇಳಿಯುವವರ ಹಾಗೆ ಹಿಂದುಮುಂದಾಗಿ ಇಳಿಯುತ್ತಿದ್ದರು. ಸೈಕಲ್ ಮೇಲೆ ಎಪ್ಪತ್ತು ದಾಟಿದ ಮುದುಕಿಯರು ಮಳೆಯಲ್ಲೇ ಸಂತೆಗೆ ಹೊರಟದ್ದನ್ನು ಕಿಟಕಿಯಿಂದ ನೋಡಿ, ತಮ್ಮ ನೋಯುವ ಮೊಣಕಾಲಿನ ಬಗ್ಗೆ ಅವರಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಹೆಣ್ಣು ಕೂಸು ಹುಟ್ಟಿದ ಮರುದಿನ ಬಾಗಿಲಿಗೆ ಬಂದವಳು ಮರೈಕೆ. ಬಾಣಂತಿಯ ಮನೆಗೆ ಎಂಟು ದಿನ ದಾದಿ ಬಂದು ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುವುದು ಆ ದೇಶದ ರೂಢಿ. ಐವತ್ತೈದರ ಆಸುಪಾಸಿನ, ಬಾಗಿಲಿಗೆ ತಲೆ ತಾಕುವಷ್ಟು ಎತ್ತರದ ಹೆಂಗಸು. ತುಟಿಗೆ ಕೆಂಪು, ಬೆರಳಿಗೆ ಉಂಗುರ, ಮಾತಿಗೊಮ್ಮೆ "ನನ್ನ ಕೇಸ್‌ಗೆ ಇದು ಇಷ್ಟ, ನನ್ನ ಕೇಸ್‌ಗೆ ಅದು ಆಗದು" ಎಂದು ಕೇಸ್ ಎಂಬ ಹೆಸರಿನ ಗಂಡನ ಸುದ್ದಿ.

ರುಕ್ಮಿಣಿಬಾಯಿಗೆ ಮೊದಲು ಹೊಟ್ಟೆಕಿಚ್ಚಾಯಿತು. ಕೂಸಿಗೆ ನೀರೆರೆಯಲೆಂದು ಸಾವಿರಾರು ಮೈಲಿ ಬಂದವರು ಇವರು, ಎರೆಯುವವಳು ಅವಳು. ಆದರೆ ಬಂದ ದಿನವೇ ಮರೈಕೆ ರಘುವೀರನಿಂದ ಬಾಣಂತಿಯ ಮಂಚದ ಕಾಲಿಗೆ ಮರದ ದಿಮ್ಮಿ ಕೊಡಿಸಿ ಮೊಣಕಾಲೆತ್ತರ ಏರಿಸಿದಾಗ ಅವರ ಮನಸ್ಸು ಕರಗಿತು. ಹಳೆಯ ಕಾಲದಲ್ಲಿ ತಮ್ಮ ತಾಯಿಯೂ ಹೊರಸಿನ ಕಾಲಿಗೆ ಇಟ್ಟಂಗಿ ಕೊಟ್ಟು ಅಡಿಯಲ್ಲಿ ಕೆಂಡ ಇಡುತ್ತಿದ್ದರಲ್ಲ. 'ಈಕಿಗೂ ಗೊತ್ತದ. ಕೆಂಡ ಇಡೋದಷ್ಟ ಮರ್ತಾಳ' ಎಂದುಕೊಂಡರು.

ಮೂರನೆಯ ದಿನ, ಮರೈಕೆ ಕೆಳಗೆ ಬಟ್ಟೆ ಒಗೆಯುತ್ತಿದ್ದಾಗ, ಕೊಬ್ಬರಿ ಚಿಪ್ಪನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಕಬ್ಬಿಣದ ಬಾಣಲೆಗೆ ಹಾಕಿ, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ ಮಂಚದ ಅಡಿಗೆ ತಳ್ಳಿದರು. ಹೊಗೆ ಹದವಾಗಿ ಎದ್ದಿತು. ಪ್ರಮಿತಾ ನಿದ್ದೆಗಣ್ಣಿನಲ್ಲಿ, "ಅಮ್ಮಾ, ಚಿತ್ತಾಪುರದ ವಾಸನಿ ಬರ್ಲಿಕತ್ತದ" ಎಂದಳು. ಅಷ್ಟರಲ್ಲಿ ಚಾವಣಿಗೆ ಅಂಟಿಸಿದ್ದ, ಹೊಗೆ ಪತ್ತೆಹಚ್ಚುವ ಬಿಳಿ ಡಬ್ಬಿ ಕಿವಿ ಕಿತ್ತುಹೋಗುವ ಹಾಗೆ ಕೂಗಿಕೊಂಡಿತು. ಮರೈಕೆ ಎರಡೆರಡು ಮೆಟ್ಟಿಲು ಹಾರಿ ಬಂದು, ಬಾಣಲೆಯನ್ನು ಕಿಟಕಿಯಾಚೆ ಮಳೆಗೆ ಹಿಡಿದು, ಕುರ್ಚಿ ಹತ್ತಿ ಟವೆಲಿನಿಂದ ಡಬ್ಬಿಗೆ ಗಾಳಿ ಹಾಕಿದಳು. ಮೇಲಿನ ಮನೆಯ ಸೀತಾ, ಮುತ್ತಜ್ಜನ ಕಾಲದಲ್ಲಿ ಹಡಗು ಹತ್ತಿ ಸುರಿನಾಮಿಗೆ ಹೋದ ಭಾರತದವರ ವಂಶದ ಹೆಂಗಸು, ಗಾಬರಿಯಿಂದ ಇಳಿದು ಬಂದಳು.

ಎಲ್ಲ ತಣ್ಣಗಾದ ಮೇಲೆ ಪ್ರಮಿತಾ ಅಮ್ಮನ ಉದ್ದೇಶವನ್ನು ವಿವರಿಸಿದಳು. ಮರೈಕೆ ಮಂಚದ ಮೇಲೆ ಕೂತು ನಕ್ಕಳು.

"ಏನಂತಾಳ?" ರುಕ್ಮಿಣಿಬಾಯಿ ಕೇಳಿದರು.

"ಮಂಚ ಎತ್ತರ ಮಾಡಿಸಿದ್ದು ಆಕಿ ಸೊಂಟದ ಸಲುವಾಗಿ ಅಂತ. ದಿನಾ ಬಗ್ಗಿ ಬಗ್ಗಿ ನೂಸ್ತದಂತ."

"ಹೌದೇನು? ನಾನು ಆಕಿಗಿ ಭಾಳ ಶಾಸ್ತ್ರ ಗೊತ್ತದ ಅಂತ ತಿಳ್ಕೊಂಡಿದ್ದೆ."

ಮರುದಿನ ಮರೈಕೆ ಬಿಸಿನೀರಿನ ಎರಡು ಬಾಟಲಿ ತಂದು ಹಾಸಿಗೆಯಲ್ಲಿಟ್ಟು, ಇದು ಕೂಗುವುದಿಲ್ಲ ಎಂದು ಕೈಸನ್ನೆ ಮಾಡಿದಳು. ಕೂಸು ನೋಡಲು ಬಂದವರಿಗೆ ಒಣ ಬ್ರೆಡ್ಡಿನ ಬಿಲ್ಲೆಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಕಟ್ಟಿದ ಸೋಂಪಿನ ಕಾಳು ಉದುರಿಸಿ ಕೊಡುವುದು ಅಲ್ಲಿಯ ಪದ್ಧತಿ. ರುಕ್ಮಿಣಿಬಾಯಿ ಒಂದು ಕಾಳು ಕಡಿದು ನೋಡಿ, "ಸೋಂಪು. ಬಾಣಂತಿಗೆ ಹಾಲಿಗೆ ಛಲೋ" ಎಂದು ತಲೆದೂಗಿದರು. ಅಂದಿನಿಂದ ಇಬ್ಬರೂ ಸೇರಿಯೇ ಕೂಸಿಗೆ ಎರೆದರು. ನೀರಿನ ಬಿಸಿ ನೋಡುವುದು ಮರೈಕೆ, ಎಣ್ಣೆ ತಿಕ್ಕುವುದು ರುಕ್ಮಿಣಿಬಾಯಿ.

ಹನ್ನೆರಡನೆಯ ದಿನಕ್ಕೆ ತೊಟ್ಟಿಲು ಎಂದು ನಿಗದಿಯಾಯಿತು. ರುಕ್ಮಿಣಿಬಾಯಿ ಬೆರಳು ಮಡಚಿ ಎಣಿಸಿದರು. ಪ್ರಮಿತಾಳ ಜೊತೆ ಓದುವ, ಕುಂಚಾವರಂ ಕಡೆಯ ಸ್ರವಂತಿ. ಅವಳ ನೆಗೆಣ್ಣಿ. ಬೇರೆ ಊರಿನಿಂದ ರೈಲಿಗೆ ಬರುವ ಪುಣೆಯ ಅನಘಾ. ಮೇಲಿನ ಮನೆಯ ಸೀತಾ. ನಾಲ್ಕಾಯಿತು. ಐದನೆಯವಳು ಮರೈಕೆಯಲ್ಲದೆ ಇನ್ಯಾರು? ಗಂಡನ ಹೆಸರು ಬಾಯಲ್ಲೇ ಇರುವ, ತುಟಿಗೆ ಬಣ್ಣ ಹಚ್ಚಿ ನಗುವ ಮುತ್ತೈದೆ.

ಆ ದಿನ ಬೆಳಿಗ್ಗೆಯಿಂದ ಜೋರು ಗಾಳಿ. ಮರೈಕೆ ಹಳದಿ ಹೂವಿನ ಗೊಂಚಲು ಹಿಡಿದು ಎಲ್ಲರಿಗಿಂತ ಮೊದಲು ಬಂದಳು. ಮುತ್ತೈದೆಯರಿಗೆ ಅರಿಷಿಣ ಕುಂಕುಮ ಹಚ್ಚುವ ಕೆಲಸವನ್ನು ಸ್ರವಂತಿಗೆ ಒಪ್ಪಿಸಿ, ರುಕ್ಮಿಣಿಬಾಯಿ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತರು. ಮರೈಕೆ ಬಗ್ಗಿ ಹಣೆ ಕೊಟ್ಟಳು.

"ಯಜಮಾನ್ರನ್ನೂ ಕರಕೊಂಡು ಬರಬೇಕಿತ್ತು ಅಂತ ಹೇಳವ್ವ ಆಕಿಗಿ," ಎಂದರು ರುಕ್ಮಿಣಿಬಾಯಿ.

ಪ್ರಮಿತಾ ಒಂದು ಗಳಿಗೆ ತಡೆದು ಹೇಳಿದಳು. ಮರೈಕೆ ಹೂವನ್ನು ನೀರಿಗಿಡುತ್ತ ಸಹಜವಾಗಿ ಏನೋ ಉತ್ತರಿಸಿದಳು. ಅಷ್ಟು ಇಂಗ್ಲಿಷ್ ರುಕ್ಮಿಣಿಬಾಯಿಗೂ ತಿಳಿಯಿತು. ಗಂಡ ಕೇಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನಿದ್ದಿದ್ದರೆ ಉಂಡಿಗಳನ್ನೆಲ್ಲ ಅವನೊಬ್ಬನೇ ಮುಗಿಸುತ್ತಿದ್ದ ಎಂದೂ ಹೇಳಿದಳು. ಆಮೇಲೆ ಕಿಟಕಿಯ ಗಾಜಿನಲ್ಲಿ ಹಣೆಯ ಕುಂಕುಮ ನೋಡಿಕೊಂಡು, ಚೆನ್ನಾಗಿದೆ ಎಂದಳು.

ರುಕ್ಮಿಣಿಬಾಯಿ ಬಟ್ಟಲನ್ನು ಇಟ್ಟು ಅಡಿಗೆಮನೆಗೆ ನಡೆದರು. ಪ್ರಮಿತಾ ಹಿಂದೆಯೇ ಬಂದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತಮ್ಮ."

"ನನಗ ಹೇಳಬೇಕಿಲ್ಲೇನು?"

"ಹೇಳಿದ್ರ ಏನ್ ಮಾಡ್ತಿದ್ದಿ? ಎಂಟು ದಿನ ನನ್ನ ಕೂಸಿಗಿ ಎರೆದಾಳ. ಆಕಿಗಿ ನೀ ಒಳಗ ಕುಂದ್ರು ಅಂತಿದ್ದೇನು?"

ರುಕ್ಮಿಣಿಬಾಯಿ ಸೌಟು ತೆಗೆದುಕೊಂಡು, ತಿರುವುವ ಅಗತ್ಯವೇ ಇಲ್ಲದ ಗುಗ್ಗರಿಯನ್ನು ತಿರುವಿದರು. ಕೊನೆಗೆ, "ಹಂಗನ್ನಾಕ ನನಗ ಬಾಯಿ ಬರಂಗಿಲ್ಲ. ಆಕಿ ನಿಲ್ಲಲಿ," ಎಂದರು.

ಅಷ್ಟರಲ್ಲಿ ಹಜಾರದಿಂದ, ರುಕ್ಮಿಣಿಬಾಯಿಯನ್ನು ತೆಲುಗಿನಲ್ಲಿ ಚಿಕ್ಕಮ್ಮ ಎಂದೇ ಕರೆಯುವ ಸ್ರವಂತಿ ಕೂಗಿದಳು. "ಪಿನ್ನೀ, ಅನಘಾ ಬರಂಗಿಲ್ಲಂತ್ರಿ. ಗಾಳಿಗಿ ಗಿಡ ಬಿದ್ದು ರೈಲು ನಿಂತಾವಂತ."

ವಾಡಿಯಿಂದ ಫೋನಿನ ಪರದೆಯಲ್ಲಿ ಕಾಯುತ್ತಿದ್ದವಳು ರಘುವೀರನ ತಂಗಿ ಭಾಗ್ಯಶ್ರೀ. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು. "ವೈನೀ, ಲಗೂ ಮಾಡ್ರಿ. ಚಾರ್ಜ್ ಕಡಿಮಿ ಅದ," ಎಂದು ಅವಳೂ ಅವಸರಿಸಿದಳು.

ಮರೈಕೆ ಅಡಿಗೆಮನೆಯ ಬಾಗಿಲಿಗೆ ಬಂದು ಬೆರಳೆಣಿಸಿದಳು. ಸ್ರವಂತಿ, ಅವಳ ನೆಗೆಣ್ಣಿ, ಸೀತಾ, ತಾನು. ಐದನೆಯ ಬೆರಳನ್ನು ರುಕ್ಮಿಣಿಬಾಯಿಯ ಕಡೆ ತೋರಿಸಿದಳು.

"ನೋ, ನೋ. ಐ, ಕಿಚನ್," ಎಂದರು ರುಕ್ಮಿಣಿಬಾಯಿ.

"ವೈ?" ಎಂದಳು ಮರೈಕೆ.

ರುಕ್ಮಿಣಿಬಾಯಿ ಮಗಳ ಮುಖ ನೋಡಿದರು. ಪ್ರಮಿತಾ ಕೂಸಿನ ಕುಂಚಿಗೆ ಸರಿಮಾಡುತ್ತ, "ನೀನೇ ಹೇಳಮ್ಮ ಆಕಿಗಿ," ಎಂದಳು.

ಹೇಳುವಷ್ಟು ಇಂಗ್ಲಿಷ್ ಬರುತ್ತಿತ್ತು. ನನ್ನ ಗಂಡ ಇಲ್ಲ, ಅದಕ್ಕೆ ನಾನು ಅಲ್ಲಿ ನಿಲ್ಲುವ ಹಾಗಿಲ್ಲ. ಮೂರನೆಯ ಇಯತ್ತೆಯ ಮಕ್ಕಳೂ ಕಟ್ಟಬಲ್ಲ ವಾಕ್ಯ. ಆದರೆ ಎದುರಿಗೆ ನಿಂತವಳ ಹಣೆಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು. ಆ ವಾಕ್ಯವನ್ನು ಇವಳ ಮುಂದೆ ಆಡಿದರೆ ಅದು ತಮ್ಮೊಬ್ಬರ ಮಾತಾಗಿ ಉಳಿಯುತ್ತಿರಲಿಲ್ಲ. ರುಕ್ಮಿಣಿಬಾಯಿ ಒಲೆ ಆರಿಸಿದರು, ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದರು.

ಸ್ರವಂತಿ ಕುಂಕುಮದ ಬಟ್ಟಲು ಮುಂದೆ ಮಾಡಿದಳು. "ಅದು ಬ್ಯಾಡವ್ವ," ಎಂದರು. "ಗುಂಡಪ್ಪನ್ನ ಕೊಡು ಇತ್ತ."

ಆಮೇಲೆ ನಡೆದದ್ದನ್ನು ಪ್ರಮಿತಾ ಇಂದಿಗೂ ನಗುತ್ತಲೇ ಹೇಳುತ್ತಾಳೆ. ಕಲ್ಲಿನ ಭಾರ ಗೊತ್ತಿರದ ಸೀತಾ ಒಂದೇ ಕೈ ಚಾಚಿದಳು, ಗುಂಡಪ್ಪ ಅವಳ ಪಾದಕ್ಕೆ ಗೇಣು ದೂರದಲ್ಲಿ ಬಿದ್ದ. ಮರೈಕೆ "ಗೋಪಾಳ" ಎನ್ನಲಾರದೆ ಏನೇನೋ ಅಂದಳು. "ಎಲ್ಲಾರೂ ಕೂಡಿ ಜೋರಾಗಿ ಅನ್ರಿ. ಬಾಯಿಪಾಠ ಬರೋತನ ಯಾರಿಗೂ ಗುಗ್ಗರಿ ಇಲ್ಲ," ಎಂದು ರುಕ್ಮಿಣಿಬಾಯಿ ಸಾಲೆಯ ದನಿಯಲ್ಲಿ ಐದು ಸಲ ಅನ್ನಿಸಿದರು. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಭಾಗ್ಯಶ್ರೀ ವಾಡಿಯಲ್ಲಿ ಇದ್ದುದರಿಂದ ಅವಳ ಪಾಲಿನ ಗುದ್ದುಗಳೆಲ್ಲ ಫೋನ್ ಹಿಡಿದ ರಘುವೀರನ ಬೆನ್ನಿಗೆ ಬಿದ್ದವು.

"ಅತ್ತಿಯವರ, ಈ ಮರೈಕೆ ಕೈ ಭಾಳ ಭಾರ ಅದರೀ," ಎಂದ ಅವನು.

"ತಡ್ಕೋರಿ. ಮಗಳ ಹೆಸರು ಪುಕಟ ಬರಂಗಿಲ್ಲ," ಎಂದರು ಅತ್ತೆ. ಕೂಸಿಗೆ ಮೈತ್ರೇಯಿ ಎಂದು ಹೆಸರಾಯಿತು.

ಮರುದಿನ ಮಧ್ಯಾಹ್ನ ಸೇಡಂನಿಂದ ಗೋದಾಬಾಯಿಯ ಫೋನು ಬಂತು. ವಿಠ್ಠಲರಾಯರ ಅತ್ತಿಗೆ, ಮನೆತನದ ಶಾಸ್ತ್ರಗಳಿಗೆಲ್ಲ ಅವರದೇ ಕೊನೆಯ ಮಾತು.

"ತೊಟ್ಟಲ ಆಯ್ತಂತಲ್ಲ ರುಕ್ಮಿಣಿ. ಐದು ಮಂದಿ ಸಿಕ್ಕರೇನು? ಯಾರ್ಯಾರು?"

"ಕುಂಚಾವರಂ ಹುಡುಗಿ, ಅವಳ ನೆಗೆಣ್ಣಿ. ಮ್ಯಾಗಿನ ಮನಿ ಸೀತಾ. ಕೂಸಿಗಿ ಎರಿಯೋ ಮರೈಕೆ." ರುಕ್ಮಿಣಿಬಾಯಿ ಉಸಿರು ತೆಗೆದುಕೊಂಡರು. "ಮತ್ತ ನಾನು."

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಇನ್ನೊಂದು ಸೀಟಿಯೂ ಆಯಿತು.

"ನೀ ನಿಂತಿದ್ದೇನು?"

"ನಿಂತಿದ್ದೆ ಅಕ್ಕಾ. ಮಂದಿ ಕಡಿಮಿ ಬಿದ್ದರು." ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ನಿಂತ ಮ್ಯಾಲ ಛಲೋ ಅನಿಸ್ತು."

ಗೋದಾಬಾಯಿ ಎದ್ದು ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಬೇಸರವೋ ಲೆಕ್ಕಾಚಾರವೋ ತಿಳಿಯದ ದನಿಯಲ್ಲಿ ಕೇಳಿದರು. "ಹಂಗಾದ್ರ ಮಾಘದಾಗ ನಮ್ಮ ಸೊಸಿ ಹಡೆದ ಮ್ಯಾಲ ತೊಟ್ಟಲಕ್ಕ ಗುಗ್ಗರಿ ಯಾರು ಮಾಡಬೇಕು?"

"ನಾನೇ ಮಾಡ್ತೀನಿ," ಎಂದರು ರುಕ್ಮಿಣಿಬಾಯಿ. "ಮುಂಜಾನೆ ಲಗೂನೇ ಮಾಡಿಟ್ಟು ಹೊರಗ ಬರ್ತೀನಿ."