ಉಪ್ಪಿನ ಖವಾ

ನಮ್ಮ ನೆಂಟರು ಹೇಳುವ ಕಥೆ ಬಹಳ ಚೆಂದ ಇದೆ. ಬೆಳಗಾವಿಯ ಟಿಳಕವಾಡಿಯ ಒಂದು ಮನೆಯವರು ವೀಸಾ ಇಲ್ಲದೆ, ವಿಮಾನ ಹತ್ತದೆ, ಹಾಲ್‌ನಲ್ಲಿ ಕುಳಿತೇ ಇಟಲಿ ಸುತ್ತಿದರಂತೆ. ಪ್ರತಿ ಶನಿವಾರ ಸಂಜೆ ಒಂದೊಂದು ಸೀಮೆಯ ಅಡುಗೆ, ಒಂದೊಂದು ಸೀಮೆಯ ಹಾಡು. ಎಂಬತ್ತು ದಾಟಿದ ಅಜ್ಜಿಯೂ ಫೋರ್ಕ್ ಹಿಡಿದು ಪಾಸ್ತಾ ತಿಂದು ಚಪ್ಪಾಳೆ ತಟ್ಟಿದಳಂತೆ. ಮದುವೆ ಮನೆಗಳಲ್ಲಿ ಇದನ್ನು ಕೇಳಿದವರು, ಎಷ್ಟು ಮುಂದುವರಿದ ಮನೆತನ ಎಂದು ತಲೆದೂಗುತ್ತಾರೆ. ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ಏಕೆಂದರೆ ಆ ಮನೆಯಲ್ಲಿ ನಾನಿದ್ದೆ. ಅಜ್ಜಿ ತಿಂದದ್ದು ನಿಜ. ಚಪ್ಪಾಳೆಯೂ ನಿಜ. ತಾನು ತಿನ್ನುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಇಷ್ಟೇ: ಎದುರಾಳಿ ಯಾವ ಮಾತನ್ನು ಹಾರಿಸಿಕೊಂಡು ಹೋಗುತ್ತಾನೋ, ಕೈ ಹಾಕಬೇಕಾದದ್ದು ಅಲ್ಲಿಗೆ.

ಅಪ್ಪ, ಅವ್ವ ಹುಬ್ಬಳ್ಳಿಯಲ್ಲಿದ್ದರು. ನಾನು ಓದಿಗೆಂದು ಬೆಳಗಾವಿಯಲ್ಲಿ ಕಾಕಾನ, ಅಂದರೆ ಅಪ್ಪನ ತಮ್ಮನ, ಮನೆಯಲ್ಲಿದ್ದೆ. ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುವವಳು, ಅಲ್ಲೇ ಇದ್ದಳು. ಕಾಕಾನಿಗೆ ಲಾಕ್‌ಡೌನ್ ಕಾಲದಲ್ಲಿ ಹಿಡಿದ ಹುಚ್ಚು ಆಮೇಲೂ ಬಿಡಲಿಲ್ಲ. ಇಟಲಿಯ ಯಾವುದೋ ಊರಿನಿಂದ ವಯಸ್ಸಾದ ಹೆಂಗಸೊಬ್ಬಳು ತನ್ನ ಅಡುಗೆಮನೆಯಲ್ಲೇ ನಿಂತು ಇಂಗ್ಲಿಷಿನಲ್ಲಿ ಅಡುಗೆ ಕಲಿಸುತ್ತಿದ್ದಳು. ಕಾಕಾ ಅದನ್ನು ಟಿವಿಗೆ ಜೋಡಿಸಿ, ಡೈನಿಂಗ್ ಟೇಬಲ್ಲಿಗೆ ಕೆಂಪು ಚೌಕುಳಿಯ ಬಟ್ಟೆ ಹಾಸಿ, ಕೋಕಂ ಶರಬತ್ತನ್ನು ವೈನ್ ಗ್ಲಾಸಿಗೆ ಸುರಿದು, ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಕೋಕಂ! ಖಾನಾಪುರದ ಕಾಡಿನಲ್ಲಿ ಬೀಳುವ ಹಣ್ಣು. ಅದರ ವಾಸನೆಯಲ್ಲಿ ಅವನಿಗೆ ದ್ರಾಕ್ಷಿತೋಟ ಕಾಣುತ್ತಿತ್ತಂತೆ.

ಕಾಕು, ಅಂದರೆ ಅವನ ಹೆಂಡತಿ, ಮೊದಲ ವಾರವೇ ಹೇಳಿಬಿಟ್ಟಿದ್ದಳು: "ನೀವ್ ಎಲ್ಲಾರೂ ಇಟಲಿಗೆ ಹೋಗಿ ಬರ್ರಿ. ನಾ ಇಲ್ಲೇ ಭಾಂಡೆ ತಿಕ್ಕೋತ ಇರ್ತೇನಿ."

ಆಯಿಗೆ ಮಾತ್ರ ಶನಿವಾರ ಅಂದರೆ ಜೀವ. ಹಿಟ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ಕಿವಿಯಂಥ ಪಾಸ್ತಾ ಮಾಡುವುದನ್ನು ನೋಡಿ, "ಏ, ಇದು ನಮ್ಮ ಗವಲಿ. ಲಗ್ನದ ಪಾಯಸಕ್ಕ ಮಾಡ್ತಿದ್ವಿ. ಪಾಪ, ಆಕಿದು ದಪ್ಪ ಆಗ್ಯಾವು," ಎಂದಿದ್ದಳು. ಇನ್ನೊಂದು ವಾರ ಉತ್ತರದ ಸೀಮೆಯ ಪೊಲೆಂಟಾ. ಆಯಿ ತಟ್ಟೆಗೆ ಬಗ್ಗಿ ನೋಡಿ, "ಗೋವಿನಜ್ವಾಳದ ನುಚ್ಚಿಗೆ ಇಷ್ಟ್ಯಾಕ ಮೆರವಣಿಗಿ ಮಾಡಾಕತ್ತೀರಿ?" ಎಂದಾಗ ನಾನು ಕೋಕಂ ಉಗುಳುವಷ್ಟು ನಕ್ಕಿದ್ದೆ. ಕಾಕಾ ಆ ಮಾತನ್ನೂ ಮೊಬೈಲಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿದ. ನೆಂಟರ ಕಥೆ ಹುಟ್ಟಿದ್ದು ಆ ವೀಡಿಯೊಗಳಿಂದ.

ಆ ನುಚ್ಚಿನ ಮೇಲೆ ಚೀಸ್ ಇತ್ತು. ಗೋವಾದಿಂದ ತರಿಸಿದ ಗಟ್ಟಿ ತುಂಡು, ಗಿಡ್ಡ ಇಟ್ಟಿಗೆಯ ಹಾಗೆ. ಫ್ರಿಜ್ ತೆರೆದರೆ ಮಳೆಗಾಲದಲ್ಲಿ ಒಣಗದೆ ಉಳಿದ ಕಾಲುಚೀಲದ ವಾಸನೆ. ಹೊರಗಿಟ್ಟರೆ ಅದರ ಮೈಯಿಂದ ಎಣ್ಣೆ ಬೆವರು ಒಸರುತ್ತಿತ್ತು. ಕಾಕಾ ಅದನ್ನು ಕೆರೆದು, ಬೆರಳಿಗೆ ಅಂಟಿದ್ದನ್ನು ನೆಕ್ಕಿ, ಅದೇ ಬೆರಳಿನಿಂದ ಮತ್ತೆ ಉದುರಿಸುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ.

ಆಯಿ ತಿನ್ನುತ್ತಿದ್ದಳು. ಇದು ಹೇಗೆಂದು ಹೇಳಬೇಕು. ಲಿಂಗಪೂಜೆ ಆಗದೆ ನೀರೂ ಮುಟ್ಟದವಳು. ತತ್ತಿ ಹಾಕಿದ ಕೇಕ್ ಇದ್ದ ತಟ್ಟೆಯನ್ನು ಬೇರೆ ಇಡಿಸುವವಳು. ಹೋಟೆಲಿನಲ್ಲಿ ಚಹಾ ಕೂಡ ಕುಡಿಯದವಳು. ಆದರೆ ಹಾಲಿನದು ಎಂದರೆ ಅವಳ ವಿಚಾರಣೆ ಮುಗಿಯಿತು. ಪೇಢೆ, ಕುಂದಾ, ಖವಾ, ಮೊಸರು, ಯಾರ ಮನೆಯದಾದರೂ, ಯಾವ ಊರಿನದಾದರೂ ಕೈ ಚಾಚುತ್ತಿದ್ದಳು. ಉಪವಾಸದ ದಿನವೂ ಅಷ್ಟೇ. ನಮ್ಮ ಮನೆತನದಲ್ಲಿ ಎಲ್ಲ ಹೆಂಗಸರ ರೀತಿಯೂ ಅದೇ. ಹಾಲಿನ ಬಗ್ಗೆ ಎರಡನೇ ಪ್ರಶ್ನೆ ಇರುವುದಿಲ್ಲ. ಕಾಕಾ ಮೊದಲ ದಿನ ತುಂಡನ್ನು ತೋರಿಸಿದಾಗ ಆಯಿ ಕೇಳಿದ್ದು ಒಂದೇ ಮಾತು, "ಹಾಲಿಂದಾ?" "ಹೂಂ, ಹಾಲಿಂದನ." "ಹಂಗಾದ್ರ ಉಪ್ಪಿನ ಖವಾ ಅನ್ನು." ಅಂದಿನಿಂದ ಮನೆಯಲ್ಲಿ ಅದರ ಹೆಸರು ಉಪ್ಪಿನ ಖವಾ.

ಶ್ರಾವಣದ ಒಂದು ಶನಿವಾರ ಟಿವಿಯ ಹೆಂಗಸು ಅದೇ ಚೀಸಿನ ಸೀಮೆಗೆ ಬಂದಳು. ಹಸುಗಳು, ಹುಲ್ಲು, ತಾಮ್ರದ ಹಂಡೆ ಎಲ್ಲದರ ಚಿತ್ರ ತೋರಿಸಿದಳು. ಕಾಕಾ ಎಂದಿನಂತೆ ಆಯಿಗಾಗಿ ಸಾಲು ಸಾಲಾಗಿ ಕನ್ನಡ ಮಾಡಿ ಹೇಳುತ್ತಿದ್ದ. ಆಗ ಅವಳೆಂದಳು: ಹಾಲನ್ನು ಒಡೆಸಲು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ ತೆಗೆದ ರಸ ಬೇಕು; ಅದಿಲ್ಲದೆ ಮಾಡಿದ್ದನ್ನು ನಮ್ಮಲ್ಲಿ ಈ ಹೆಸರಿನಿಂದ ಕರೆಯುವುದಿಲ್ಲ. ಹೆಮ್ಮೆಯಿಂದ ಹೇಳಿದಳು. ಅವಳ ಮಟ್ಟಿಗೆ ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಕಾಕಾ ಒಂದು ಕ್ಷಣ ಆಯಿಯ ಕಡೆ ನೋಡಿದ. ಆಮೇಲೆ, "ಹಾಲು ಒಡಸಾಕ ಸ್ವಲ್ಪ ಹುಳಿ ಹಾಕ್ತಾರಂತ," ಎಂದ.

"ನಿಂಬಿಹಣ್ಣಾ?"

"ಹೂಂ, ಹಂಗ ತಿಳಕೋ."

ಆಯಿ ತಟ್ಟೆಯಲ್ಲಿದ್ದದ್ದನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ನಾನು ನನ್ನ ತಟ್ಟೆಯನ್ನು ದೂರ ತಳ್ಳಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನಾನು ಕ್ಯಾಂಪ್ ಬಡಾವಣೆಯ ಹೋಟೆಲಿನಲ್ಲಿ ಗೆಳತಿಯರ ಜೊತೆ ಕೋಳಿ ಬಿರಿಯಾನಿ ತಿನ್ನುತ್ತೇನೆ. ಕರುವಿನ ಹೊಟ್ಟೆಯ ರಸದ ಬಗ್ಗೆ ನನಗೆ ಧರ್ಮದ ತಕರಾರಿಲ್ಲ. ಚೀಸ್ ನನಗೆ ಬರೀ ಮೂಗಿನ ಹೇಸಿಗೆ. ಆ ಹೊತ್ತು ಹುಟ್ಟಿದ ಹೇಸಿಗೆ ಬೇರೆ, ಅದು ಕಾಕಾನ "ಹಂಗ ತಿಳಕೋ" ಎಂಬ ಮಾತಿನದು.

ಅಡುಗೆಮನೆಯಲ್ಲಿ ಅವನನ್ನು ಹಿಡಿದೆ. "ಕಾಕಾ, ಆಕಿ ಏನಂದ್ಲು ನೀವ್ ಕೇಳಿದ್ರಿ."

"ಕೇಳ್ದೆ. ಹಳ್ಳಕ್ಕ ಒಂದು ಹನಿ. ಅದೇನು ಮಾಂಸದ ತುಂಡಲ್ಲ."

"ಎಷ್ಟು ಹನಿ ಅನ್ನೂದು ಆಯಿ ಹೇಳಬೇಕು, ನೀವಲ್ಲ."

"ನೀ ದೇವರನ್ನ ನಂಬೂದಿಲ್ಲ, ಕೋಳಿ ತಿಂತಿ. ನಿನಗ್ಯಾಕವಾ ಆಕಿ ನೇಮದ ಚಿಂತಿ?"

"ನನ್ನ ನಂಬಿಕಿ ಇಲ್ಲಿ ವಿಷಯ ಅಲ್ಲರೀ. ಆಕಿ ಬಾಯಿ ಆಕಿದು."

ಪಾತ್ರೆ ತಿಕ್ಕುತ್ತಿದ್ದ ಕಾಕು ನಳ ಬಂದ್ ಮಾಡಿದಳು. ಕಾಕಾ ದನಿ ಇಳಿಸಿದ. "ನೋಡು, ನಮ್ಮಪ್ಪ ಹೋದಮ್ಯಾಲೆ ಆಕಿ ಹಿಂಗ ನಕ್ಕಿದ್ದು ನೀ ನೋಡೀಯೇನು? ಶನಿವಾರ ಬಂತಂದ್ರ ಹೊಸಾ ಸೀರಿ ಉಡ್ತಾಳ. ಆ ಖುಷಿ ಖರೇ ಅಲ್ಲೇನು?"

ಒಪ್ಪಬೇಕು, ಇದು ಅವನ ಬಲವಾದ ವಾದ. ನಾನು ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿದ್ದರೆ ಆ ಮಾತಿಗೆ ಅಂಕ ಕೊಡುತ್ತಿದ್ದೆ. ಆಯಿಯ ಖುಷಿ ಸುಳ್ಳಾಗಿರಲಿಲ್ಲ. ಆದರೆ ಅದು ನಿಂತದ್ದು ಕಾಕಾನ ಮೇಲಿಟ್ಟ ನಂಬಿಕೆಯ ಮೇಲೆ, ಮತ್ತು ಅವನು ಅದನ್ನೇ ತುರಿದು ನುಚ್ಚಿನ ಮೇಲೆ ಉದುರಿಸುತ್ತಿದ್ದ. ಕೊನೆಗೆ ಎಂದ: "ಆತು, ನಾನ ಹೇಳ್ತೇನಿ. ಟೈಮ್ ನೋಡಿ ಹೇಳ್ತೇನಿ. ನೀ ನಡುವ ಬಾಯಿ ಹಾಕಬ್ಯಾಡ." ಮಗನೇ ಹೇಳುವುದು ಸರಿ ಎಂದು ನಾನು ಬಿಟ್ಟೆ. ಭಾನುವಾರ ಇಡೀ ದಿನ ಅವನಿಗೆ ಟೈಮ್ ಸಿಗಲಿಲ್ಲ.

ಸೋಮವಾರ ನಾವು ಖಾನಾಪುರಕ್ಕೆ ಹೋದೆವು. ಅಲ್ಲಿ ಆಯಿಯ ಅಕ್ಕನ ಮನೆ ತುಂಬಿತ್ತು, ಮಗ, ಸೊಸೆ, ಮೊಮ್ಮಕ್ಕಳು. ಆ ಅಕ್ಕ ನನಗೆ ದೊಡ್ಡಾಯಿ. ಶ್ರಾವಣ ಸೋಮವಾರದ ಉಪವಾಸವನ್ನು ಅಕ್ಕತಂಗಿಯರು ಒಂದು ಸಲವಾದರೂ ಕೂಡಿ ಮಾಡಬೇಕು, ಅದು ಅವರ ರೂಢಿ. ಅಕ್ಕಪಕ್ಕದವರು ಮರಾಠಿಯವರಾದ್ದರಿಂದ ಆ ಮನೆಯ ಉಪವಾಸಕ್ಕೆ ಸಾಬೂದಾಣಿಯ, ಅಂದರೆ ಸಬ್ಬಕ್ಕಿಯ, ಖಿಚಡಿ ಬಂದು ಎಷ್ಟೋ ಕಾಲವಾಗಿತ್ತು. ದೊಡ್ಡಾಯಿ ಕಾಕಾನನ್ನು ಕಂಡದ್ದೇ, "ಬಾರಪಾ ಇಟಲಿ ಸಾಹೇಬ, ಕುಂದರು. ನಮ್ಮ ಖಿಚಡಿ ನಡೀತೈತೋ, ಚಮಚಾ ಕೊಡ್ಲೋ?" ಎಂದಳು. ಎಲ್ಲರೂ ನಕ್ಕರು.

ತಾಟು ಬಂದವು. ಶೇಂಗಾ ಪುಡಿಯ ಬಿಸಿ ಖಿಚಡಿ, ಮೊಸರು, ಬಾಳೆಹಣ್ಣು. ಆಗ ಆಯಿ ತನ್ನ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು, ಜೊತೆಗೆ ಬೆಳಗಾವಿಯಿಂದಲೇ ತಂದಿದ್ದ ಕಿಸಣಿ, ಗಜ್ಜರಿ ತುರಿಯುವ ನಮ್ಮ ಅಡುಗೆಮನೆಯದೇ. ಮುಚ್ಚಳ ತೆರೆದಳು. ಕಾಲುಚೀಲದ ಆ ವಾಸನೆ ಖಿಚಡಿಯ ತುಪ್ಪ, ಜೀರಿಗೆಯ ಮೇಲೆ ಬಂದು ಕುಳಿತಿತು.

"ಅಕ್ಕಾ, ನಿನಗ ಹಲ್ಲಿಲ್ಲ. ಹೆರದು ಹಾಕ್ತೇನಿ, ತಾನ ಕರಗತೈತಿ. ಉಪವಾಸಕ್ಕ ನಡೀತದ, ಬರೇ ಹಾಲಿಂದು," ಎಂದು ತುಂಡನ್ನು ಕಿಸಣಿಗೆ ಒತ್ತಿದಳು.

ನಾನು ಕಾಕಾನನ್ನು ನೋಡಿದೆ. ಅವನು ಬಾಳೆಹಣ್ಣು ಸುಲಿಯುತ್ತಿದ್ದ. ಸಿಪ್ಪೆಯ ನಾರನ್ನು ಒಂದೊಂದಾಗಿ, ಬಹಳ ಶ್ರದ್ಧೆಯಿಂದ ಬಿಡಿಸುತ್ತಿದ್ದ. ಆ ಶ್ರದ್ಧೆಯಷ್ಟು ಅಸಹ್ಯವಾದದ್ದನ್ನು ನಾನು ಆ ಫ್ರಿಜ್‌ನಲ್ಲೂ ಕಂಡಿರಲಿಲ್ಲ.

"ಆಯಿ, ಹಾಕಬ್ಯಾಡ," ಎಂದೆ.

"ಯಾಕ? ಕೆಟ್ಟೈತೇನು?"

"ಏನಿಲ್ಲವಾ, ಈಕಿದು ಯಾವಾಗ್ಲೂ ಇದ್ದದ್ದ," ಎಂದ ಕಾಕಾ.

ಹೇಳಿದೆ. ವಾದ ಮಾಡಲಿಲ್ಲ, ಆ ಹೆಂಗಸಿನ ಮಾತನ್ನು ಅವಳು ಹೇಳಿದ ಹಾಗೇ ಕನ್ನಡದಲ್ಲಿ ಇಟ್ಟೆ. ಎಳೆಗರು, ಹೊಟ್ಟೆ, ರಸ. ಆಯಿಗೆ ದನಗಳ ನಡುವೆ ಬೆಳೆದ ಬುದ್ಧಿ. ಕರು ಸಾಯದೆ ಆ ರಸ ಸಿಗದು ಎಂದು ಬಿಡಿಸಿ ಹೇಳಬೇಕಾಗಲಿಲ್ಲ. ಕಿಸಣಿಯನ್ನು ಕೆಳಗಿಟ್ಟು, ಬೆರಳುಗಳನ್ನು ಮೈಯಿಂದ ದೂರ ಹಿಡಿದುಕೊಂಡಳು.

ದೊಡ್ಡಾಯಿ ತನ್ನ ತಾಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು. "ನಾ ಇನ್ನೂ ಮುಟ್ಟಿಲ್ಲ ನೋಡವಾ," ಎಂದಳು ತಂಗಿಗೆ, ಸಮಾಧಾನ ಹೇಳುವವಳ ಹಾಗೆ. ಆ ಸಮಾಧಾನ ಆಯಿಯ ಮುಖವನ್ನು ಇನ್ನಷ್ಟು ಕೆಡಿಸಿತು.

ಆಯಿ ಎದ್ದು ಹಿತ್ತಲಿಗೆ ಹೋದಳು. ನೀರು ಮುಕ್ಕಳಿಸುವ ಸದ್ದು ಕೇಳಿಸಿತು, ಮತ್ತೆ, ಮತ್ತೆ. ಒಳಗೆ ಯಾರೂ ಉಣ್ಣಲಿಲ್ಲ. ದೊಡ್ಡಾಯಿಯ ಸೊಸೆ ಡಬ್ಬಿಯನ್ನು ಚಿಮಟದಿಂದ ಎತ್ತಿ ಹೊರಗಿಟ್ಟಳು. ಕಾಕಾ ನನ್ನ ಕಡೆ ನೋಡಿ ಹಲ್ಲು ಕಚ್ಚಿ, "ಸಮಾಧಾನ ಆತೇನು ನಿನಗ?" ಎಂದ. ಆಗಿರಲಿಲ್ಲ.

ಆಯಿ ಸೆರಗಿನಿಂದ ಬಾಯಿ ಒರೆಸುತ್ತ ಬಂದು ಬಾಗಿಲಲ್ಲೇ ನಿಂತಳು. ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನನ್ನನ್ನು ನೋಡಲಿಲ್ಲ.

"ಶನಿವಾರನ ನಿನಗ ಗೊತ್ತಾಗಿತ್ತು," ಎಂದಳು ಮಗನಿಗೆ.

"ಅವ್ವಾ, ಹೇಳಿದ್ರ ನೀ ತಿಂತಿದ್ದಿಲ್ಲ. ನಿನಗ ಅಷ್ಟು ಸೇರತಿತ್ತು..."

"ತಿಂತಿದ್ದಿಲ್ಲ. ಹೌದು." ಇಷ್ಟು ದಿನ ಉಂಡದ್ದನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಿರುವಂತೆ ಅವಳ ಕಣ್ಣು ಎಲ್ಲೋ ಇತ್ತು.

"ಇನ್ನ ಏನೇನು ತಿನಿಸಿದೀಪಾ ನನಗ?"